ಕ್ರೋಯ್ಡನ್ನಿನಲ್ಲಿ ಕುಳಿತು ದಕ್ಷಿಣದ ಆಕಾಶ ನೋಡಿಕೊಂಡದ್ದು

ಹದಿನೆಂಟು ವರ್ಷ ಕಾಲ ದಕ್ಷಿಣಾರ್ಧಗೋಳದ ಆಕಾಶ ನನ್ನ ಉಸ್ತುವಾರಿಯಲ್ಲಿತ್ತು. ಕಚೇರಿ ಲಂಡನ್ನಿನ ದಕ್ಷಿಣ ಅಂಚಿನ ಕ್ರೋಯ್ಡನ್ನಿನಲ್ಲಿ, ಮೂರನೇ ಮಹಡಿ, ಲಿಫ್ಟಿನಿಂದ ಹೊರಬಂದರೆ ಎಡಗಡೆ. ಕೆಲಸದ ವೇಳೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆ. ಆ ವೇಳೆಯಲ್ಲಿ ನಕ್ಷತ್ರ ಕಾಣುವುದಿಲ್ಲವಲ್ಲ ಎಂದು ಕೇಳುವವರು ನಮ್ಮ ಕಚೇರಿಯನ್ನು ಬಲ್ಲವರಲ್ಲ. ನಮ್ಮಲ್ಲಿ ನಕ್ಷತ್ರಗಳು ಟ್ಯೂಬ್‌ಲೈಟಿನ ಕೆಳಗೆ, ಬಿಳಿ ಕಾಗದದ ಮೇಲೆ ಕಪ್ಪು ಚುಕ್ಕೆಗಳಾಗಿ, ರಜಾ ದಿನ ಬಿಟ್ಟು ಎಲ್ಲ ದಿನವೂ ಕಾಣುತ್ತಿದ್ದವು. ಮೋಡದ ತೊಂದರೆ ಇರಲಿಲ್ಲ.

ನಮ್ಮದು ನಕ್ಷತ್ರಗಳ ನಕ್ಷೆ ಮಾಡುವ ಒಂದು ಸಣ್ಣ ಪ್ರಕಾಶನ ಸಂಸ್ಥೆ. ಗೋಡೆಗೆ ತೂಗುಹಾಕುವ ದೊಡ್ಡ ನಕ್ಷೆಗಳು, ಚಂದಾದಾರರಿಗೆ ಅಂಚೆಯಲ್ಲಿ ಹೋಗುವ ‘ಈ ತಿಂಗಳ ಆಕಾಶ’ ಎಂಬ ಹಾಳೆ, ಇವು ನಮ್ಮ ಸರಕು. ಉತ್ತರದ ಆಕಾಶವನ್ನು ಮುಖ್ಯಸ್ಥರಾದ ಪೆಟಿಗ್ರೂ ಅವರೇ ನೋಡಿಕೊಳ್ಳುತ್ತಿದ್ದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಕಡೆಗೆ ಹೋಗುವ ದಕ್ಷಿಣದ ಆಕಾಶ ನನ್ನ ಪಾಲಿಗೆ. ಹೀಗೆ ವಿಶ್ವವನ್ನು ನಾವಿಬ್ಬರೂ ಸಮವಾಗಿ ಹಂಚಿಕೊಂಡಿದ್ದೆವು. ಅವರ ಮೇಜಿನ ಪಕ್ಕ ಕಿಟಕಿ ಇತ್ತು, ನನ್ನ ಮೇಜಿನ ಪಕ್ಕ ಫೋಟೊಕಾಪಿ ಯಂತ್ರ.

ಇದನ್ನೆಲ್ಲ ಬರೆಯಲು ಕಾರಣ ಸುಧೀಂದ್ರ. ಬೆಂಗಳೂರಿನ ಬಸವನಗುಡಿಯವನು, ನನ್ನ ಕೊನೆಯ ವರ್ಷಗಳ ಸಹೋದ್ಯೋಗಿ. ಈಗ ಅವನ ಕೈಕೆಳಗೆ ಫೋನಿನೊಳಗೆ ಆಕಾಶ ತುಂಬುವ ಹೊಸಬರು ಸೇರಿಕೊಂಡಿದ್ದಾರೆ. ಮೊನ್ನೆ ನಮ್ಮ ಮನೆ ಇರುವ ಟೂಟಿಂಗಿನ ದೋಸೆ ಹೋಟೆಲಿನಲ್ಲಿ ಸಿಕ್ಕಿ, “ಸಾರ್, ನೀವು ಬರೆದುಕೊಡಿ. ಇವ್ರೆಲ್ಲ ಆಕಾಶ ಅಂದ್ರೆ ಡೇಟಾ ಅಂದ್ಕೊಂಡಿದಾರೆ” ಎಂದ. ಆಕಾಶ ಎಂದರೆ ಏನು ಎಂದು ನಾನು ತಿಳಿದುಕೊಂಡಿದ್ದೆ ಎಂಬುದನ್ನು ಅವನಿಗೆ ಪೂರ್ತಿ ಹೇಳಿರಲಿಲ್ಲ. ಈಗ ಹೇಳುತ್ತೇನೆ. ಹೊಸಬರು ಧೈರ್ಯ ತಂದುಕೊಳ್ಳಲಿ.

ಮೊದಲು ಸುಳ್ಳಿನಿಂದ ಶುರು ಮಾಡಬೇಕು, ಏಕೆಂದರೆ ನನ್ನ ಉದ್ಯೋಗ ಶುರುವಾದದ್ದೂ ಅದರಿಂದಲೇ.

ಸಂದರ್ಶನದ ದಿನ ಪೆಟಿಗ್ರೂ ನನ್ನ ಅರ್ಜಿಯನ್ನು ಎರಡು ಸಲ ಓದಿದರು. ಎತ್ತರದ, ತೆಳ್ಳಗಿನ ಮನುಷ್ಯ. ಬೇಸಿಗೆಯಲ್ಲೂ ಉಣ್ಣೆಯ ಟೈ ಕಟ್ಟುತ್ತಿದ್ದರು. “ನೀವು ಭಾರತದ ನೈಋತ್ಯ ಕರಾವಳಿಯವರು. ಹಾಗಾದರೆ ದಕ್ಷಿಣದ ಶಿಲುಬೆಯನ್ನು ಕಂಡಿರಬೇಕು” ಎಂದರು. ಇಂಗ್ಲಿಷರು ದಕ್ಷಿಣದ ಶಿಲುಬೆ ಎನ್ನುವುದೂ ನಾವು ಶಾಲೆಯಲ್ಲಿ ತ್ರಿಶಂಕು ಎಂದು ಕಲಿತದ್ದೂ ಒಂದೇ: ನಾಲ್ಕು ನಕ್ಷತ್ರದ ಒಂದು ಶಿಲುಬೆ, ಅದರ ಹತ್ತಿರ ಎರಡು ಹೊಳೆಯುವ ನಕ್ಷತ್ರ. ನಾನು ಬೆಳೆದದ್ದು ಮಂಗಳೂರು ಪೇಟೆಯ ನಡುವೆ, ಒಂದು ಬೇಕರಿಯ ಮಾಳಿಗೆಯಲ್ಲಿ. ಅಲ್ಲಿ ತಲೆ ಎತ್ತಿದರೆ ಕಾಣುತ್ತಿದ್ದದ್ದು ಹೆಂಚು. ಹೆಂಚಿನ ಬಗ್ಗೆ ಅವರು ಕೇಳಲಿಲ್ಲ.

“ಪ್ರತಿ ವರ್ಷ ಕಾಣುತ್ತಿದ್ದೆ, ಸಾರ್” ಎಂದೆ. “ಈಸ್ಟರ್ ಹೊತ್ತಿಗೆ. ಅರ್ಧ ಆಕಾಶ ತುಂಬಿಕೊಳ್ಳುತ್ತದೆ.”

ಅವರು ನೋಟ್‌ಬುಕ್ಕಿನಲ್ಲಿ ಏನೋ ಗುರುತು ಹಾಕಿಕೊಂಡರು. ವಾರದೊಳಗೆ ಕೆಲಸದ ಪತ್ರ ಬಂತು.

ಎರಡನೇ ವಾರ ನನಗೆ ತಿಳಿದ ಸಂಗತಿ ಏನೆಂದರೆ, ನನ್ನ ಹಿಂದಿನವನನ್ನು ತೆಗೆದುಹಾಕಿದ್ದು ಒಂದು ಧೂಮಕೇತುವಿನ ಬಾಲದ ಕಾರಣಕ್ಕೆ. ಬಾಲ ಹಸಿರಾಗಿ ಕಂಡಿತು ಎಂದು ಅವನು ಬರೆದಿದ್ದ. ಧೂಮಕೇತು ಬಂದ ಆ ವಾರವಿಡೀ ಇಂಗ್ಲೆಂಡಿನಲ್ಲಿ ಮೋಡವಿತ್ತು. ಅವನು ಮೇಜು ಖಾಲಿ ಮಾಡಿ ಹೋದ ಮೇಲೆ ಪೆಟಿಗ್ರೂ ಚಹಾದ ಕೆಟಲಿನ ಮೇಲಿನ ಗೋಡೆಗೆ ಒಂದು ಚೀಟಿ ಅಂಟಿಸಿದ್ದರು: ‘ಕಂಡಿದ್ದರೆ ಕಂಡೆ ಎನ್ನಿ. ಕಾಣದಿದ್ದರೆ ಕಾಣಲಿಲ್ಲ ಎನ್ನಿ.’ ಕೆಳಗೆ ಸಹಿ. ಆ ಕಚೇರಿಯಲ್ಲಿ ದಿನಕ್ಕೆ ಮೂರು ಸಲ ಚಹಾ ಆಗುತ್ತಿತ್ತು. ದಿನಕ್ಕೆ ಮೂರು ಸಲ ನಾನು ಆ ಚೀಟಿಯ ಎದುರು ನಿಲ್ಲಬೇಕಿತ್ತು. ನನ್ನ ಸುಳ್ಳು ಹೊರಬಿದ್ದ ದಿನವೇ ನನ್ನ ಮೇಜೂ ಖಾಲಿ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ನನ್ನ ಮೊದಲ ದೊಡ್ಡ ತಪ್ಪಿಗೂ ಆ ಸುಳ್ಳಿಗೂ ಸಂಬಂಧವಿಲ್ಲ. ಅದು ಸ್ವತಂತ್ರವಾದ ತಪ್ಪು. ಜೂನ್ ತಿಂಗಳ ಹಾಳೆಯಲ್ಲಿ ದಕ್ಷಿಣದ ಓದುಗರಿಗೆ ಹೀಗೆ ಸಲಹೆ ಕೊಟ್ಟಿದ್ದೆ: ‘ಬೆಚ್ಚಗಿನ ಸಂಜೆ ಹುಲ್ಲಿನ ಮೇಲೆ ಚಾಪೆ ಹಾಸಿ ಅಂಗಾತ ಮಲಗಿ. ವೃಶ್ಚಿಕ ರಾಶಿ ನಿಮ್ಮ ಮೇಲೆಯೇ ಏರಿ ಬರುತ್ತದೆ.’ ಆರು ವಾರದ ನಂತರ ನ್ಯೂಜಿಲೆಂಡಿನ ತೀರಾ ಕೆಳತುದಿಯಿಂದ ಶ್ರೀಮತಿ ಡನ್ಬಾರ್ ಎಂಬ ಶಾಲಾ ಶಿಕ್ಷಕಿಯ ಪತ್ರ ಬಂತು. ‘ನಿಮ್ಮ ಸಲಹೆಯಂತೆ ನಾನೂ ನನ್ನ ಗಂಡನೂ ಹುಲ್ಲಿನ ಮೇಲೆ ಮಲಗಿದೆವು. ವೃಶ್ಚಿಕ ಚೆನ್ನಾಗಿ ಕಂಡಿತು. ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿತ್ತು. ನನ್ನ ಗಂಡ ಇನ್ನೂ ಹಾಸಿಗೆಯಲ್ಲಿದ್ದಾನೆ. ನಿಮಗೆ ತನ್ನ ವಂದನೆ ತಿಳಿಸಲು ಹೇಳಿದ್ದಾನೆ.’

ಪೆಟಿಗ್ರೂ ಪತ್ರವನ್ನು ಎದ್ದು ನಿಂತು ಓದಿದರು. ಆಮೇಲೆ ನನ್ನ ಮೇಜಿನ ಬಳಿ ಬಂದು, “ಮಿಸ್ಟರ್ ಲೋಬೊ, ಭೂಮಿ ಓರೆಯಾಗಿದೆ. ಈ ವಿಷಯ ನಿಮ್ಮ ಕಿವಿಗೂ ಬಿದ್ದಿರಬಹುದು” ಎಂದಷ್ಟೇ ಹೇಳಿ ಹೋದರು.

ಹಾಗಾಗಿ ಹೊಸಬರೇ, ಋತುಗಳನ್ನು ಉಲ್ಟಾ ಬಾಯಿಪಾಠ ಮಾಡಿಕೊಳ್ಳಿ. ಡಿಸೆಂಬರಿನಿಂದ ಫೆಬ್ರವರಿ ಅಲ್ಲಿ ಬೇಸಿಗೆ. ಬೇಟೆಗಾರನ ಆಕಾರದ ನಮ್ಮ ಮಹಾವ್ಯಾಧ ಅಲ್ಲಿ ತಲೆಕೆಳಗಾಗಿ ನಿಂತಿರುತ್ತಾನೆ. ಅವನ ನಡುಪಟ್ಟಿಯನ್ನೂ ಕತ್ತಿಯನ್ನೂ ಸೇರಿಸಿ ಅಲ್ಲಿನವರು ‘ಹಿಡಿಕೆಯ ಪಾತ್ರೆ’ ಎನ್ನುತ್ತಾರೆ. ಬೇಟೆಗಾರನ ಮರ್ಯಾದೆ ಅಡುಗೆಮನೆಗೆ ಬಂದು ನಿಂತದ್ದು ಹೀಗೆ. ಲುಬ್ಧಕ ಮತ್ತು ಅಗಸ್ತ್ಯ, ಇಡೀ ಆಕಾಶದಲ್ಲೇ ಹೆಚ್ಚು ಹೊಳೆಯುವ ಎರಡು ನಕ್ಷತ್ರಗಳು, ಒಂದೇ ಹೊತ್ತಿಗೆ ನೆತ್ತಿಯ ಹತ್ತಿರ ಇರುತ್ತವೆ. ಮಾರ್ಚಿನಿಂದ ಮೇ ಶರತ್ಕಾಲ. ತ್ರಿಶಂಕು ಎತ್ತರಕ್ಕೆ ಏರುವ ಕಾಲ ಅದು. ಜೂನಿನಿಂದ ಆಗಸ್ಟ್ ಚಳಿಗಾಲ. ವೃಶ್ಚಿಕ ಬಾಲ ಸಮೇತ ನೆತ್ತಿಗೆ ಬರುತ್ತದೆ, ಕ್ಷೀರಪಥ ಅದರ ಬೆನ್ನ ಮೇಲೆ ಚೆಲ್ಲಿರುತ್ತದೆ. ಕೋಟು ಹಾಕಿಕೊಳ್ಳಿ ಎಂಬುದನ್ನು ಖಗೋಳಶಾಸ್ತ್ರದ ಒಂದು ಭಾಗವೆಂದೇ ಬರೆಯಿರಿ. ಸೆಪ್ಟೆಂಬರಿನಿಂದ ನವೆಂಬರ್ ವಸಂತ. ಆಗ ಆಕಾಶ ಸ್ವಲ್ಪ ಬಣಗುಡುತ್ತದೆ, ಆದರೆ ಮೆಗೆಲನ್ ಮೋಡಗಳು ಎಂಬ ಎರಡು ಬಿಳಿ ಮಚ್ಚೆಗಳು ಮೇಲೇರುತ್ತವೆ. ಅವು ಮೋಡಗಳಲ್ಲ, ದೂರದ ನಕ್ಷತ್ರಗಳ ಹಿಂಡು. ಅವು ಕನ್ನಡಕದ ಕಲೆಯೂ ಅಲ್ಲ ಎಂದು ಪ್ರತಿ ವರ್ಷ ಬರೆಯುವುದು ನನ್ನ ಕರ್ತವ್ಯವಾಗಿತ್ತು.

ಇವೆಲ್ಲ ನನಗೆ ಪುಸ್ತಕ, ಪಟ್ಟಿ, ಕೋಷ್ಟಕಗಳಿಂದ ಬಂದ ಜ್ಞಾನ. ಲಂಡನ್ನಿನ ಕಿತ್ತಳೆ ಬಣ್ಣದ ಆಕಾಶದಲ್ಲಿ ನಾನು ಕಂಡ ಚಲಿಸುವ ಜ್ಯೋತಿಗಳೆಲ್ಲ ಗ್ಯಾಟ್ವಿಕ್ ಕಡೆಗೆ ಇಳಿಯುವ ವಿಮಾನಗಳು.

ಆದರೆ ಕಚೇರಿಯಲ್ಲಿ ನಾನು ಪ್ರತ್ಯಕ್ಷದರ್ಶಿ. ಪೆಟಿಗ್ರೂ ಇಂಗ್ಲೆಂಡಿನ ದಕ್ಷಿಣ ತೀರದ ಬ್ರೈಟನ್ ದಾಟಿ ಹೋದವರಲ್ಲ. ನಾಲ್ಕು ಗಂಟೆಯ ಚಹಾದ ಹೊತ್ತಿಗೆ ಬಿಸ್ಕತ್ತು ಮುರಿಯುತ್ತಾ, “ಅದು ಹೇಗಿರುತ್ತದೆ, ಮಿಸ್ಟರ್ ಲೋಬೊ, ಆ ಶಿಲುಬೆ?” ಎಂದು ಕೇಳುವರು. ಎದುರಿಗೆ ಕೆಟಲ್, ಕೆಟಲಿನ ಮೇಲೆ ಚೀಟಿ. ನಾನು ಹೇಳುವೆ: “ಕಡಲ ನೀರಿನಲ್ಲಿ ಅದರ ಬಿಂಬ ಬೀಳುತ್ತದೆ, ಸಾರ್.” ಇನ್ನೊಂದು ದಿನ: “ಅದು ಮೂಡಿದಾಗ ಊರಿನ ನಾಯಿಗಳೆಲ್ಲ ಬೊಗಳುತ್ತವೆ, ಸಾರ್.” ಅವರು ಗಂಭೀರವಾಗಿ ತಲೆಯಾಡಿಸುವರು. ಆದರೆ ನಾನು ಇವನ್ನೇ ಹಾಳೆಯ ಕರಡಿನಲ್ಲಿ ಸೇರಿಸಿದಾಗಲೆಲ್ಲ ನೀಲಿ ಪೆನ್ಸಿಲಿನಲ್ಲಿ ಹೊಡೆದುಹಾಕುವರು. ‘ಅರ್ಧ ಆಕಾಶ’ ಎಂದು ನಾನು ಬರೆದಲ್ಲಿ ‘ಚಾಚಿದ ಕೈಯ ಮೂರು ಬೆರಳಿನಗಲ’ ಎಂದು ತಿದ್ದುವರು. ಮನುಷ್ಯನಿಗೆ ಕಾವ್ಯದ ಗಂಧವಿಲ್ಲ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ನಿಜವಾಗಿ ತ್ರಿಶಂಕುವನ್ನು ಕಂಡವಳು ನಮ್ಮ ಮನೆಯಲ್ಲಿ ಇದ್ದಳು. ನನ್ನ ಹೆಂಡತಿ ಸೆವ್ರಿನ್. ಉಡುಪಿ ಕಡೆಯ ಕಡಲ ದಂಡೆಯವಳು. ಟೂಟಿಂಗಿನ ಆಸ್ಪತ್ರೆಯಲ್ಲಿ ನರ್ಸ್. ನನ್ನ ಉದ್ಯೋಗದ ಬಗ್ಗೆ ಅವಳಿಗೆ ಗೌರವ ಇತ್ತೆಂದು ಹೇಳಲಾರೆ. ಚರ್ಚಿನಲ್ಲಿ ಯಾರಾದರೂ ನನ್ನ ಕೆಲಸ ಕೇಳಿದರೆ, “ಇವರು ಆಕಾಶದ ಆಫೀಸಿನಲ್ಲಿ. ಮೇಲೆ ನೋಡುವ ಅಭ್ಯಾಸ ಇಲ್ಲ” ಎನ್ನುವಳು. ಮನೆಯಲ್ಲಿ ನಮ್ಮ ಮಾತು ಕೊಂಕಣಿ. ಇಲ್ಲಿ ಅದನ್ನು ನಮ್ಮೂರ ಕನ್ನಡಕ್ಕೆ ಇಳಿಸಿದ್ದೇನೆ. ಬೈಗುಳದಲ್ಲಿ ಸ್ವಲ್ಪ ಸೋರಿಹೋಗಿರಬಹುದು.

ಇನ್ನು ಆ ಮಹಾಪ್ರಮಾದಕ್ಕೆ ಬರೋಣ.

ನಾನು ಸೇರಿ ಒಂಬತ್ತು ವರ್ಷ ಆಗಿತ್ತು. ಪೆಟಿಗ್ರೂ ನಿವೃತ್ತಿಗೆ ಮೊದಲು ಒಂದು ದೊಡ್ಡ ಕೆಲಸ ಮುಗಿಸಬೇಕೆಂದಿದ್ದರು: ದಕ್ಷಿಣದ ನಾಲ್ಕು ಋತುಗಳ ನಾಲ್ಕು ನಕ್ಷೆ, ಒಂದೇ ದೊಡ್ಡ ಹಾಳೆಯಲ್ಲಿ. ಕೆಳಗೆ ಅವರ ಹೆಸರು, ಅದರ ಕೆಳಗೆ ಚಿಕ್ಕದಾಗಿ ನನ್ನದು. ಆಗ ಕಂಪ್ಯೂಟರ್ ಇರಲಿಲ್ಲವೆಂದಲ್ಲ. ಇತ್ತು, ಅದರ ಮೇಲೆ ಪೆಟಿಗ್ರೂ ಹೂದಾನಿ ಇಟ್ಟಿದ್ದರು. ನಮ್ಮ ವಿಧಾನ ಫಿಲ್ಮಿನದು. ಪಾರದರ್ಶಕ ಹಾಳೆಯ ಮೇಲೆ ನಕ್ಷತ್ರಗಳ ಕಪ್ಪು ಚುಕ್ಕೆಗಳು ಮಾತ್ರ ಬರುತ್ತಿದ್ದವು. ಅದನ್ನು ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಹಾಸಿ, ಮೇಲೆ ಇನ್ನೊಂದು ಪಾರದರ್ಶಕ ಹಾಳೆ ಇಟ್ಟು, ಅದರ ಮೇಲೆ ಒಂದೊಂದೇ ನಕ್ಷತ್ರದ ಹೆಸರನ್ನು ಚಿಮಟದಲ್ಲಿ ಹಿಡಿದು ಅಂಟಿಸಬೇಕು. ಫಿಲ್ಮಿಗೆ ಒಂದು ಮಗ್ಗುಲು ಮಂಕು, ಇನ್ನೊಂದು ಹೊಳಪು. ‘ಮಂಕು ಮಗ್ಗುಲು ಕೆಳಗೆ’ ಎಂಬುದು ಆ ಮೇಜಿನ ಮೊದಲ ನಿಯಮ. ತಪ್ಪಿದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ, ಕನ್ನಡಿಯಲ್ಲಿ ಕಂಡ ಹಾಗೆ.

ನಾನು ನಿಯಮ ಪಾಲಿಸಿದೆ. ಇದನ್ನು ನೀವು ಗಮನಿಸಬೇಕು. ಮಂಕು ಮಗ್ಗುಲನ್ನೇ ಕೆಳಗೆ ಹಾಕಿದೆ. ಆದರೆ ಆ ಸಲದ ಫಿಲ್ಮ್ ಬಂದದ್ದು ಬೇರೊಂದು ಕಡೆಯಿಂದ, ಅವರ ಪದ್ಧತಿ ತದ್ವಿರುದ್ಧವಾಗಿತ್ತು. ಅಕ್ಷರಗಳಿದ್ದರೆ ತಿರುಗುಮುರುಗಾದದ್ದು ತಕ್ಷಣ ತಿಳಿಯುತ್ತಿತ್ತು. ಚುಕ್ಕೆಗೆ ಎಡವೂ ಇಲ್ಲ, ಬಲವೂ ಇಲ್ಲ. ಮೂರು ವಾರ ಕೂತು ತಿರುಗುಮುರುಗಾದ ಚುಕ್ಕೆಗಳ ಪಕ್ಕದಲ್ಲಿ ಒಂದೂ ತಪ್ಪಿಲ್ಲದೆ ಹೆಸರು ಅಂಟಿಸಿದೆ. ಅಂಚಿನಲ್ಲಿ ಪೂರ್ವ, ಪಶ್ಚಿಮ ಎಂದು ಎಲ್ಲಿರಬೇಕೋ ಅಲ್ಲಿ ಹಾಕಿದೆ. ಅಷ್ಟು ಅಚ್ಚುಕಟ್ಟಾದ ತಪ್ಪನ್ನು ನಾನು ಮತ್ತೆ ಮಾಡಿಲ್ಲ.

ಪೆಟಿಗ್ರೂ ಕರಡನ್ನು ಪರೀಕ್ಷಿಸಿದರು. ಅವರು ಬಲ್ಲದ್ದು ಉತ್ತರದ ಮಹಾವ್ಯಾಧನನ್ನು. ಅಲ್ಲಿ ಅವನ ಭುಜದ ಕೆಂಪು ನಕ್ಷತ್ರ ಆರ್ದ್ರಾ ಮೇಲೆ ಎಡಗಡೆ. ದಕ್ಷಿಣದಲ್ಲಿ ಅವನು ತಲೆಕೆಳಗು. “ಆದ್ದರಿಂದ ಆರ್ದ್ರಾ ಕೆಳಗೆ ಎಡಗಡೆ ಇರಬೇಕು. ಇದೆ” ಎಂದು ಸಹಿ ಹಾಕಿದರು. ಕೆರೆಯ ನೀರಿನಲ್ಲಿ ಕಾಣುವ ಮನುಷ್ಯ ಮಾತ್ರ ಹಾಗೆ ತಲೆಕೆಳಗಾಗುವುದು. ನಿಜವಾಗಿ ಶೀರ್ಷಾಸನ ಹಾಕಿದವನ ಎಡಬಲವೂ ಬದಲಾಗುತ್ತದೆ. ಈ ಸತ್ಯ ಕ್ರೋಯ್ಡನ್ನಿನ ಮೂರನೇ ಮಹಡಿಯಲ್ಲಿ ಅಂದು ಯಾರಿಗೂ ಹೊಳೆಯಲಿಲ್ಲ. ಅಲ್ಲಿ ಯಾರೂ ಶೀರ್ಷಾಸನ ಹಾಕುತ್ತಿರಲಿಲ್ಲ.

ನಕ್ಷೆ ಅಚ್ಚಾಯಿತು, ಸುರುಳಿಯಾಯಿತು, ಪೆಟ್ಟಿಗೆ ಸೇರಿ ನೆಲಮಾಳಿಗೆಯಲ್ಲಿ ಕುಳಿತಿತು. ಸೋಮವಾರ ಹನ್ನೊಂದು ಗಂಟೆಗೆ ವ್ಯಾನ್ ಬಂದು ಬಂದರಿಗೆ ಒಯ್ಯಬೇಕು. ಶನಿವಾರ ಒಂದು ಪ್ರತಿಯನ್ನು ಮನೆಗೆ ತಂದು ಅಡುಗೆಮನೆಯ ಗೋಡೆಗೆ ಹಚ್ಚಿ, ಹೊಗಳಿಕೆಗೆ ಕಾದು ನಿಂತೆ. ಸೆವ್ರಿನ್ ಟೂಟಿಂಗ್ ಮಾರ್ಕೆಟಿನಿಂದ ತಂದ ಬಂಗುಡೆ ಕೊಯ್ಯುತ್ತಿದ್ದಳು.

“ಎಂತದು ಇದು?”

“ದಕ್ಷಿಣದ ಆಕಾಶ. ನಾಲ್ಕು ಋತುವಿನದ್ದು. ಸೋಮವಾರ ಹಡಗಿಗೆ.”

“ಶಿಲುಬೆ ಎಲ್ಲುಂಟು?”

ಶರತ್ಕಾಲದ ನಕ್ಷೆಯಲ್ಲಿ ತೋರಿಸಿದೆ. ಅವಳು ಕೈ ತೊಳೆಯದೆ ಹತ್ತಿರ ಬಂದು, ಕತ್ತಿಯ ತುದಿಯಿಂದ ಶಿಲುಬೆಯ ಬಲಗಡೆಯ ಎರಡು ನಕ್ಷತ್ರಗಳನ್ನು ತೋರಿಸಿದಳು.

“ಈ ಎರಡು ಇಲ್ಲಿ ಎಂತ ಮಾಡ್ತಾ ಉಂಟು?”

“ಅವು ಅಲ್ಲೇ ಇರುವುದು.”

“ಅಲ್ಲೇ ಇರುವುದಂತೆ! ಪಶ್ಚಿಮ ಯಾವ ಕಡೆ ಬರೆದಿದ್ದೀರಿ?”

“ಬಲಗಡೆ. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಪಶ್ಚಿಮ ಬಲಗಡೆಯೇ.”

“ಹಾಗಾದರೆ ನಮ್ಮೂರಿನಲ್ಲಿ ಅದು ಕಡಲಿನ ಕಡೆ. ಶಿಲುಬೆ ತೆಂಗಿನ ಮರದ ಕಡೆಯಿಂದ ಏಳ್ತದೆ, ಕಡಲಿನ ಕಡೆ ಹೋಗ್ತದೆ. ಮುಂದೆ ಶಿಲುಬೆ, ಅದರ ಹಿಂದಿನಿಂದ ಎರಡು ಮೇಣಬತ್ತಿ. ನನ್ನ ಅಜ್ಜಿ ತೋರಿಸಿದ್ದು. ಚರ್ಚಿನ ಹಬ್ಬದ ಮೆರವಣಿಗೆಯಲ್ಲಿ ಮುಂದೆ ಎಂತ ಹೋಗುವುದು, ಹೇಳಿ?”

“ಶಿಲುಬೆ.”

“ಮೇಣಬತ್ತಿ?”

“ಹಿಂದೆ.”

“ನಿಮ್ಮದರಲ್ಲಿ ಮೇಣಬತ್ತಿ ಮುಂದೆ ಓಡ್ತಾ ಉಂಟು ಮಾರಾಯ್ರೇ, ಶಿಲುಬೆ ಅದರ ಬೆನ್ನು ಹತ್ತಿ ಹೋಗ್ತಾ ಉಂಟು. ಪಾದ್ರಿಗೆ ಹೇಳದೆ ಹೊರಟ ಮೆರವಣಿಗೆಯಾ ಇದು?”

“ನಿನಗೆ ಮರೆತಿರಬೇಕು ಮಾರಾಯ್ತಿ. ಎಷ್ಟು ವರ್ಷ ಆಯ್ತು!”

“ಮೆರವಣಿಗೆ ಯಾರಿಗಾದರೂ ಮರೀತದಾ?”

ನಾನು ಅಟ್ಲಾಸ್ ತೆಗೆದು ಹಿಂದಿನ ಪುಟದಲ್ಲಿ ಆಸ್ಟ್ರೇಲಿಯಾದ ಬಾವುಟ ನೋಡಿದೆ. ಅದರ ಮೇಲೆ ತ್ರಿಶಂಕು ಇದೆ. ಶಿಲುಬೆಯ ಒಳಗಿನ ಐದನೆಯ ಪುಟ್ಟ ನಕ್ಷತ್ರ ಅಲ್ಲಿ ಬಲಗಡೆ. ನನ್ನ ನಕ್ಷೆಯಲ್ಲಿ ಎಡಗಡೆ. ಒಂದು ದೇಶ ಇಷ್ಟು ಕಾಲದಿಂದ ಸರಿಯುತ್ತರವನ್ನು ಬಟ್ಟೆಯ ಮೇಲೆ ಬರೆದು ಕಂಬಕ್ಕೆ ಏರಿಸಿ ತೋರಿಸುತ್ತಿತ್ತು. ನಾನು ನೋಡಿರಲಿಲ್ಲ.

ಹೇಳದೆ ಬಿಟ್ಟರೆ ಪೆಟಿಗ್ರೂ ಅವರ ಕೊನೆಯ ಕೆಲಸ, ಅವರ ಹೆಸರಿನೊಂದಿಗೆ, ಒಂದು ಖಂಡದ ಮಕ್ಕಳೆಲ್ಲ ನಗುವಂತೆ ಗೋಡೆಗೆ ಏರುತ್ತದೆ. ಹೇಳಿದರೆ ಅವರು ಒಂದೇ ಪ್ರಶ್ನೆ ಕೇಳುತ್ತಾರೆ: ಪ್ರತಿ ಈಸ್ಟರಿಗೆ ಕಂಡವನಿಗೆ ಮೂರು ವಾರ ಎದ್ದು ಕಾಣುವ ಈ ತಪ್ಪು ಕಾಣಲಿಲ್ಲವೇಕೆ? ಆಮೇಲೆ ಕೆಟಲಿನ ಮೇಲಿನ ಚೀಟಿಗೆ ಕಣ್ಣು ಹೊರಳಿಸಿದರೆ ಸಾಕು. ಭಾನುವಾರ ಪೂಜೆಯ ಹೊತ್ತೆಲ್ಲ ನಾನು ಒಂದು ಕಥೆ ಕಟ್ಟುತ್ತಿದ್ದೆ. ದೇವರು ನನ್ನನ್ನು ಕ್ಷಮಿಸಲಿ, ಪ್ರವಚನದ ವಿಷಯ ಪ್ರಾಮಾಣಿಕತೆ.

“ಎಂತ ಹೇಳ್ತೀರಿ ಅವರಿಗೆ?” ಎಂದಳು ಸೆವ್ರಿನ್, ಬಸ್ಸಿನಲ್ಲಿ.

“ಇದ್ದಕ್ಕಿದ್ದ ಹಾಗೆ ಬಾಲ್ಯದ್ದು ನೆನಪಾಯ್ತು ಅಂತ.”

“ಅದು ನನ್ನ ನೆನಪು. ನಿಮಗೆ ಹೇಗೆ ಬಂತು?”

“ಮದುವೆಯಲ್ಲಿ ಬಂದದ್ದು.”

“ಹಾಗಾದರೆ ನಾನೂ ಬರ್ತೇನೆ. ನಾಳೆ ನನಗೆ ಆಫ್. ನೆನಪು ಕಡಿಮೆ ಬಿದ್ದರೆ ಪಕ್ಕದಲ್ಲಿ ಇರಲಿ.”

ಸೋಮವಾರ ಒಂಬತ್ತು ಗಂಟೆಗೆ ನಾವಿಬ್ಬರೂ ಪೆಟಿಗ್ರೂ ಅವರ ಮೇಜಿನ ಮುಂದೆ. ಸೆವ್ರಿನ್ ಚರ್ಚಿಗೆ ಹಾಕುವ ಕೋಟು ಹಾಕಿದ್ದಳು. ನಾನು ಕಲಿತುಬಂದ ಭಾಷಣವನ್ನು ಒಪ್ಪಿಸಿದೆ: ನಕ್ಷೆ ಎಡಬಲ ಆಗಿದೆ, ಬಾಲ್ಯದಲ್ಲಿ ಕಡಲ ದಂಡೆಯಲ್ಲಿ ಕಂಡದ್ದು ಶನಿವಾರ ಇದ್ದಕ್ಕಿದ್ದ ಹಾಗೆ ಕಣ್ಣ ಮುಂದೆ ಬಂತು, ಶಿಲುಬೆ ಮುಂದೆ, ಮೇಣಬತ್ತಿ ಹಿಂದೆ. ಪೆಟಿಗ್ರೂ ನಕ್ಷೆಯನ್ನು ಬಿಚ್ಚಿ, ನಾಲ್ಕು ಮೂಲೆಗೆ ನಾಲ್ಕು ಕಪ್ಪು ಇಟ್ಟು, ಬಹಳ ಹೊತ್ತು ನೋಡಿದರು. ಮುಖ ಬಿಳಿಚಿತು. ಆಮೇಲೆ ತಲೆ ಎತ್ತದೆ ಕೇಳಿದರು.

“ಆ ಐದನೆಯ ಪುಟ್ಟ ನಕ್ಷತ್ರ, ಮಿಸ್ಟರ್ ಲೋಬೊ. ನಿಮ್ಮ ತೀರದಿಂದ ಅದು ಬರಿಗಣ್ಣಿಗೆ ಕಾಣುತ್ತದೆಯೇ?”

ನಾನು ಸೆವ್ರಿನ್ ಕಡೆ ನೋಡಿದೆ.

ಅಷ್ಟು ಸಾಕಾಯಿತು.

“ಮಳೆ ಬಂದು ಗಾಳಿ ತೊಳೆದ ದಿನ ಕಾಣುತ್ತದೆ” ಎಂದಳು ಸೆವ್ರಿನ್, ರೋಗಿಯ ಜ್ವರ ಹೇಳುವ ಇಂಗ್ಲಿಷಿನಲ್ಲಿ. “ಉಳಿದ ದಿನ ಇಲ್ಲ. ಅದು ಅಷ್ಟು ತಗ್ಗಿನಲ್ಲಿ ಇರುತ್ತದೆ.”

ಪೆಟಿಗ್ರೂ ನೋಟ್‌ಬುಕ್ ತೆಗೆದು ಅದನ್ನು ಬರೆದುಕೊಂಡರು. ಒಂಬತ್ತು ವರ್ಷದ ನನ್ನ ವರ್ಣನೆಗಳಲ್ಲಿ ಒಂದು ಸಾಲನ್ನೂ ಅವರು ಬರೆದುಕೊಂಡಿರಲಿಲ್ಲ.

“ನಾನು ಕಂಡಿಲ್ಲ, ಸಾರ್” ಎಂದೆ. “ಒಮ್ಮೆಯೂ ಕಂಡಿಲ್ಲ.”

“ಗೊತ್ತು.”

“ಯಾವಾಗಿನಿಂದ?”

“ನೀವು ಅರ್ಧ ಆಕಾಶ ಎಂದಾಗಿನಿಂದ. ಅದು ಇಡೀ ಆಕಾಶದಲ್ಲೇ ಅತ್ಯಂತ ಚಿಕ್ಕ ನಕ್ಷತ್ರಪುಂಜ, ಮಿಸ್ಟರ್ ಲೋಬೊ.”

“ಹಾಗಾದರೆ ನನ್ನನ್ನು ತೆಗೆದುಕೊಂಡದ್ದು ಯಾಕೆ?”

ಅವರು ಟೈ ಸರಿಮಾಡಿಕೊಂಡರು. “ಅಂದು ಸಂದರ್ಶನಕ್ಕೆ ಇಬ್ಬರು ಬಂದಿದ್ದಿರಿ. ಇನ್ನೊಬ್ಬರು ಅದನ್ನು ಕೆಂಟಿನ ತಮ್ಮ ಹಿತ್ತಲಿನಿಂದ ದುರ್ಬೀನಿನಲ್ಲಿ ನೋಡಿದ್ದೇನೆ ಎಂದರು. ಇಂಗ್ಲೆಂಡಿನಿಂದ ಅದು ಯಾವ ಕಾಲಕ್ಕೂ ಕಾಣುವುದಿಲ್ಲ. ಇಬ್ಬರಲ್ಲಿ, ಯಾರ ಸುಳ್ಳಿನ ಅಕ್ಷಾಂಶ ಸರಿಯಿತ್ತೋ ಅವರನ್ನು ಆರಿಸಿಕೊಂಡೆ.”

ಸೆವ್ರಿನ್ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಅವಳ ಹೆಗಲು ಅಲ್ಲಾಡುತ್ತಿತ್ತು.

“ಆದರೆ ಆ ಧೂಮಕೇತುವಿನವನನ್ನು...” ಎಂದೆ.

“ಅವನು ಓದುಗರಿಗೆ ಸುಳ್ಳು ಹೇಳಿದ. ನೀವು ನನಗೆ ಮಾತ್ರ ಹೇಳಿದಿರಿ. ಓದುಗರಿಗೆ ತಲುಪದಂತೆ ನೋಡಿಕೊಳ್ಳಲು ನನ್ನ ಬಳಿ ಪೆನ್ಸಿಲ್ ಇತ್ತು. ನಾಯಿಗಳ ಸಂಗತಿ ಮಾತ್ರ ಹೊಡೆದುಹಾಕುವಾಗ ನನಗೆ ನೋವಾಯಿತು.” ಅವರು ಮತ್ತೆ ನಕ್ಷೆಯ ಮೇಲೆ ಬಾಗಿದರು. “ಈ ತಪ್ಪಿಗೆ ಸಹಿ ಹಾಕಿದವನು ನಾನು. ಮಹಾವ್ಯಾಧನನ್ನು ನೀರಿನಲ್ಲಿ ಅದ್ದಿಬಿಟ್ಟಿದ್ದೇನೆ. ನೋಡಿ, ಒಂದು ರೀತಿಯಲ್ಲಿ ಈ ನಕ್ಷೆ ತಪ್ಪಲ್ಲ. ಆಕಾಶದ ಆಚೆ ಮಗ್ಗುಲಲ್ಲಿ ನಿಂತು ಈಚೆ ನೋಡಿದರೆ ಎಲ್ಲವೂ ಹೀಗೆಯೇ ಕಾಣಬೇಕು. ದೇವರ ಕಡೆಯಿಂದ ಸರಿಯಾಗಿದೆ.”

ಆಸೆಯಿಂದ ನಾನು ಅವರ ಮುಖ ನೋಡಿದೆ.

“ಆದರೆ ದೇವರು ನಮ್ಮ ಚಂದಾದಾರನಲ್ಲ” ಎಂದು ಫೋನ್ ಎತ್ತಿ ವ್ಯಾನನ್ನು ರದ್ದು ಮಾಡಿದರು.

ಪೆಟ್ಟಿಗೆಗಳೆಲ್ಲ ರದ್ದಿಗೆ ಹೋದವು. ಒಂದೇ ಒಂದು ಪ್ರತಿಯನ್ನು ಪೆಟಿಗ್ರೂ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಒಯ್ದರು. ನನಗೆ ಕೊಟ್ಟ ಶಿಕ್ಷೆ: ಮಂಕು ಮಗ್ಗುಲು ಮೇಲೆ ಮಾಡಿ, ನಾಲ್ಕೂ ನಕ್ಷೆಗೆ ಮೊದಲಿನಿಂದ ಹೆಸರು ಅಂಟಿಸುವುದು, ಹತ್ತು ದಿನದಲ್ಲಿ. ಅಂಟಿಸಿದೆ. ಹನ್ನೊಂದನೆಯ ದಿನ ಕೆಟಲಿನ ಮೇಲಿನ ಚೀಟಿಗೆ ಒಂದು ಸಾಲು ಸೇರಿತ್ತು, ನೀಲಿ ಪೆನ್ಸಿಲಿನಲ್ಲಿ: ‘ಅಥವಾ ಕಂಡವರನ್ನು ಕೇಳಿ.’

ಅಂದಿನಿಂದ ದಕ್ಷಿಣದ ಪ್ರತಿಯೊಂದು ನಕ್ಷೆಯೂ ಅಚ್ಚಿಗೆ ಹೋಗುವ ಮೊದಲು ಟೂಟಿಂಗಿನ ನಮ್ಮ ಅಡುಗೆಮನೆಗೆ ಬರಬೇಕೆಂಬ ಪದ್ಧತಿಯಾಯಿತು. ಸೆವ್ರಿನ್ ಮೆರವಣಿಗೆ ಸರಿಯಾಗಿ ಹೊರಟಿದೆಯೇ ಎಂದು ನೋಡಿ ಮೂಲೆಯಲ್ಲಿ ‘ಪರಿಶೀಲಿಸಲಾಗಿದೆ, ಎಸ್.’ ಎಂದು ಬರೆಯುವಳು. ಕೆಲವು ಮೂಲಪ್ರತಿಗಳ ಮೇಲೆ ಅರಿಸಿನದ ಬೆರಳಚ್ಚೂ ಇದೆ. ಶ್ರೀಮತಿ ಡನ್ಬಾರ್ ಹೊಸ ನಕ್ಷೆಯನ್ನು ಶಾಲೆಯ ಗೋಡೆಗೆ ಹಾಕಿಸಿ ಪತ್ರ ಬರೆದರು: ‘ಎಲ್ಲವೂ ಇರಬೇಕಾದಲ್ಲಿಯೇ ಇವೆ. ನನ್ನ ಗಂಡನೂ ಎದ್ದು ಓಡಾಡುತ್ತಿದ್ದಾನೆ, ಕೋಟು ಹಾಕಿಕೊಂಡು.’

ಪೆಟಿಗ್ರೂ ನಿವೃತ್ತರಾಗಿ ಸ್ಟ್ಯಾನ್ಮೋರಿನಲ್ಲಿ ಮಗಳ ಮನೆ ಸೇರಿದರು. ಕಂಪ್ಯೂಟರಿನ ಮೇಲಿನ ಹೂದಾನಿ ಕೆಳಗಿಳಿಯಿತು. ಕ್ರೋಯ್ಡನ್ನಿಗೆ ಟ್ರಾಮ್ ಬಂತು, ಅದೇ ಕಾಲಕ್ಕೆ ಸುಧೀಂದ್ರನೂ ಬಂದ. ಗಾಜಿನ ಮೇಜು, ಫಿಲ್ಮ್, ಚಿಮಟ ನೋಡಿ ಮ್ಯೂಸಿಯಮ್ಮಿಗೆ ಬಂದವನ ಹಾಗೆ ನಿಂತ.

“ಸಾರ್, ಒಂದು ಹೆಸರು ಅಂಟಿಸೋಕೆ ಎಷ್ಟ್ ಹೊತ್ತು?”

“ಕೈ ನಡುಗದಿದ್ದರೆ ಎರಡು ನಿಮಿಷ. ಪೂರ್ತಿ ನಕ್ಷೆಗೆ ಮೂರು ವಾರ.”

“ಮೂರು ವಾರ ಒಂದು ಮ್ಯಾಪಿಗೆ! ಬಿಡಿ ಸಾರ್. ಇದ್ರಲ್ಲಿ ಒಂದ್ ಕ್ಲಿಕ್. ತಪ್ಪಾಗೋ ಚಾನ್ಸೇ ಇಲ್ಲ.”

ಅವನು ಕ್ಲಿಕ್ ಮಾಡಿದ. ಬಂದ ನಕ್ಷೆ ಬಹಳ ಸುಂದರವಾಗಿತ್ತು. ಪದ್ಧತಿಯಂತೆ ಶನಿವಾರ ಅದನ್ನು ಹಿಡಿದು ಅವನೂ ನಮ್ಮ ಮನೆಗೆ ಊಟಕ್ಕೆ ಬಂದ. ಸೆವ್ರಿನ್ ಕೈಯಲ್ಲಿ ಸೌಟು ಹಿಡಿದೇ ಬಾಗಿ ನೋಡಿದಳು.

“ಸುಧೀ, ಮೇಣಬತ್ತಿ ಮುಂದೆ ಹೋಯಿತಲ್ಲ ಮಗಾ.”

“ಆಂಟಿ? ಯಾವ ಮೇಣಬತ್ತಿ?”

ಈ ಕ್ಷಣಕ್ಕಾಗಿ ವರ್ಷಗಟ್ಟಲೆ ಕಾದಿದ್ದೆನೆಂದು ಆಗ ತಿಳಿಯಿತು. ಪಾಪ, ಯಂತ್ರದಲ್ಲಿ ಆಕಾಶವನ್ನು ಗೋಳದ ಹಾಗೆ ಹೊರಗಿನಿಂದ ತೋರಿಸುವ ಒಂದು ಆಯ್ಕೆ ಇತ್ತು. ಅವನು ಅದನ್ನು ಒತ್ತಿದ್ದ, ಅಂದರೆ ದೇವರ ಕಡೆಯದ್ದನ್ನು. ನನಗೆ ಮೂರು ವಾರ ಹಿಡಿದ ತಪ್ಪನ್ನು ಅವನು ಒಂದು ಸೆಕೆಂಡಿನಲ್ಲಿ ಮುಗಿಸಿದ್ದ. ತಂತ್ರಜ್ಞಾನದ ಮುನ್ನಡೆ ಎಂದರೆ ಏನು ಎಂದು ಹೊಸಬರು ಕೇಳಿದರೆ ನಾನು ಈ ಉದಾಹರಣೆ ಕೊಡುತ್ತೇನೆ. ಅವನು ಅನ್ನ ಕಲಸುತ್ತಾ ಪೂರ್ತಿ ಕಥೆ ಕೇಳಿ, “ಸಾರ್, ಅಂದ್ರೆ ನೀವು ಇವತ್ತಿನವರೆಗೂ ಅದನ್ನ ನೋಡೇ ಇಲ್ವಾ?” ಎಂದ.

“ಇಲ್ಲ.”

“ಏನ್ ಸಾರ್ ನೀವು! ರಜಾದಲ್ಲಿ ಊರಿಗೆ ಹೋಗ್ತಿದ್ರಲ್ಲ?”

“ಕ್ರಿಸ್ಮಸ್ಸಿಗೆ ಹೋಗ್ತಿದ್ದದ್ದು” ಎಂದಳು ಸೆವ್ರಿನ್. “ಆಗ ಸಂಜೆ ಅದು ಬರುವುದಿಲ್ಲ. ಬೆಳಗಿನ ಜಾವ ಏಳಬೇಕು. ಇವರು ಏಳುವ ಜನವಾ?”

ನಿವೃತ್ತಿಯಾದ ವರ್ಷ ಮೇ ತಿಂಗಳಲ್ಲಿ ಅವಳ ಊರಿಗೆ ಹೋದೆವು. ಬೇಸಿಗೆಯ ಮೊದಲ ಮಳೆ ಹಿಂದಿನ ದಿನ ಬಂದು ಹೋಗಿತ್ತು. ಕತ್ತಲಾಗಿ ಒಂದು ಗಂಟೆಯಾಗಿರಬೇಕು, ಅಡುಗೆಯ ಒಲೆ ಇನ್ನೂ ಉರಿಯುತ್ತಿತ್ತು. ಅವಳು ನನ್ನನ್ನು ದಂಡೆಗೆ ಕರೆದೊಯ್ದು, ಭುಜ ಹಿಡಿದು ದಕ್ಷಿಣಕ್ಕೆ ತಿರುಗಿಸಿದಳು. ಬಲಗಡೆ ಕಡಲು, ಎಡಗಡೆ ತೆಂಗಿನ ಮರ.

“ಅಗೋ.”

“ಎಲ್ಲಿ?”

“ಎದುರಿಗೇ ಉಂಟಲ್ಲ ಮಾರಾಯ್ರೇ.”

“ಅದಾ? ಅಷ್ಟೇಯಾ?”

“ಮತ್ತೆ? ಅರ್ಧ ಆಕಾಶ ಬೇಕಿತ್ತಾ?”

ಕೈ ಚಾಚಿ ಬೆರಳು ಹಿಡಿದು ನೋಡಿದೆ. ಮೂರೇ ಬೆರಳು. ನೀಲಿ ಪೆನ್ಸಿಲ್ ಹೇಳಿದ್ದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಐದನೆಯ ಪುಟ್ಟ ನಕ್ಷತ್ರವೂ ಕಂಡಿತು, ಬಲಗಡೆ. ಶಿಲುಬೆ ಕಡಲಿನ ಕಡೆ ಹೊರಟಿತ್ತು, ಎರಡು ಮೇಣಬತ್ತಿಗಳು ಶಿಸ್ತಿನಿಂದ ಅದರ ಹಿಂದೆ. ನೀರಿನಲ್ಲಿ ಬಿಂಬವೇನೂ ಬಿದ್ದಿರಲಿಲ್ಲ. ಯಾವ ನಾಯಿಯೂ ಬೊಗಳಲಿಲ್ಲ. ಒಂದು ನಾಯಿ ನಮ್ಮ ಪಕ್ಕದಲ್ಲೇ ಮಲಗಿತ್ತು, ಕಾದು ನೋಡಿದೆ, ಅದು ನಿದ್ದೆ ಮಾಡಿತು.

ಮರುದಿನ ಅಂಚೆ ಕಚೇರಿಗೆ ಹೋಗಿ ಕಾರ್ಡು ಕೊಂಡು, ಸ್ಟ್ಯಾನ್ಮೋರಿನ ವಿಳಾಸ ಬರೆದೆ. ಎಂಬತ್ತು ದಾಟಿದ್ದ ಪೆಟಿಗ್ರೂ ತಮ್ಮ ಮಲಗುವ ಕೋಣೆಯಲ್ಲಿ, ಹಾಸಿಗೆಯ ಎದುರಿಗೆ, ಆ ಎಡಬಲವಾದ ನಕ್ಷೆಯನ್ನು ತೂಗುಹಾಕಿಕೊಂಡಿದ್ದಾರೆ ಎಂದು ಅವರ ಮಗಳು ತಿಳಿಸಿದ್ದಳು. ಬಂದುಹೋಗುವವರಿಗೆ ‘ಸ್ವಲ್ಪ ದಿನದಲ್ಲಿ ನನಗೆ ಇದು ಸರಿಯಾಗಿ ಕಾಣಲಿದೆ’ ಎಂದು ಹೇಳುತ್ತಾರಂತೆ. ಬಹಳ ಹೊತ್ತು ಯೋಚಿಸಿದೆ. ಕಡೆಗೆ ಒಂದೇ ಸಾಲು ಬರೆದೆ: ‘ಕಂಡೆ, ಸಾರ್. ಅರ್ಧ ಆಕಾಶ.’

ಸೆವ್ರಿನ್ ನನ್ನ ಕೈಯಿಂದ ಕಾರ್ಡು ಕಿತ್ತುಕೊಂಡು ಓದಿದಳು, ಪೆನ್ನು ಕೇಳಿ ಮೂಲೆಯಲ್ಲಿ ತಾನೂ ಬರೆದು, ನನಗೆ ತೋರಿಸದೆ ಡಬ್ಬಿಗೆ ಹಾಕಿದಳು. ಅಲ್ಲಿ ಏನಿತ್ತೆಂದು ಲಂಡನ್ನಿಗೆ ಮರಳಿ ಅವರನ್ನು ನೋಡಲು ಹೋದಾಗಲೇ ನನಗೆ ತಿಳಿದದ್ದು. ಕಾರ್ಡನ್ನು ನಕ್ಷೆಯ ಮೇಲೆ, ಸರಿಯಾಗಿ ಶಿಲುಬೆಯ ಪಕ್ಕದಲ್ಲಿ, ಪಿನ್ನು ಚುಚ್ಚಿ ನಿಲ್ಲಿಸಿದ್ದರು. ನನ್ನ ಸಾಲಿನ ಕೆಳಗೆ ಅವಳ ನೇರ ಅಕ್ಷರ:

‘ಮೂರು ಬೆರಳು. ಪರಿಶೀಲಿಸಲಾಗಿದೆ, ಎಸ್.’